ನುಂಗಿದ್ದಕ್ಕೆ ಸಾಕ್ಷಿಯಿದೆ

2044ರ ಜನವರಿ 11, ಸೋಮವಾರ. ಬೆಳಿಗ್ಗೆ 6 ಗಂಟೆ 10 ನಿಮಿಷಕ್ಕೆ ಹುಣಸೆಕೊಪ್ಪಲಿನ ಪ್ರಮೀಳಾ ಆರು ಮಾತ್ರೆ ನುಂಗಿದಳು. 6 ಗಂಟೆ 14 ನಿಮಿಷಕ್ಕೆ ಮೈಸೂರಿನ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಅವಳ ಹೆಸರು ಹಳದಿಯಿಂದ ಕೆಂಪಿಗೆ ತಿರುಗಿತು.

ಕೆಂಪು ಎಂದರೆ ಅಶಿಸ್ತು. ತೊಂಬತ್ತು ದಿನ ತಪ್ಪದೆ ಮಾತ್ರೆ ನುಂಗಿಯೂ ಮೈ ಸುಧಾರಿಸದವರಿಗೆ ರಾಜ್ಯ ಚಯಾಪಚಯ ಮಂಡಳಿ ಕೊಡುವ ಬಣ್ಣ ಅದು. ಕೆಂಪಾದವರು ಐದು ದಿನದೊಳಗೆ ವಸತಿ ಶಿಸ್ತು ಶಿಬಿರ ಸೇರಬೇಕು. ಅಲ್ಲಿ ಅರವತ್ತು ದಿನ ಇರಬೇಕು. ದಿನಕ್ಕೆ ಒಂಬೈನೂರು ಕ್ಯಾಲೊರಿ ಊಟ, ಬೆಳಿಗ್ಗೆ ಐದಕ್ಕೆ ಎದ್ದು ಎಂಟು ಕಿಲೋಮೀಟರ್ ನಡಿಗೆ. ಸೇರದಿದ್ದರೆ ಮಾತ್ರೆ ನಿಲ್ಲುತ್ತದೆ.

ಪರದೆಯ ಮುಂದೆ ಕೂತಿದ್ದವಳು ಚಿನ್ಮಯಿ. ಮೂವತ್ತೊಂದು ವರ್ಷ, ಓದಿದ್ದು ಸಂಖ್ಯಾಶಾಸ್ತ್ರ. ಕೆಂಪಾದ ಪ್ರತಿ ಹೆಸರಿನ ಎದುರು ಅವಳಿಗೆ ಎರಡು ಗುಂಡಿಗಳಿದ್ದವು. ಒಂದು 'ಒಪ್ಪಿಗೆ', ಇನ್ನೊಂದು 'ಸಾಧನ ದೋಷ'. ಎರಡು ವರ್ಷದ ನೌಕರಿಯಲ್ಲಿ ಎರಡನೆಯದನ್ನು ಅವಳು ಒತ್ತಿದ್ದು ನಾಲ್ಕು ಸಲ. ಆ ಬೆಳಿಗ್ಗೆ ಅವಳ ಪಾಲಿಗೆ ಬಂದ ಕೆಂಪು ಹೆಸರುಗಳು ಮೂವತ್ತೆಂಟು. ಮೂವತ್ತೆಂಟಕ್ಕೂ ಒಪ್ಪಿಗೆ ಒತ್ತಿ ಕಾಫಿ ತರಲು ಎದ್ದು ಹೋದಳು.

ಮಂಡಳಿ ಹುಟ್ಟಿ ಐದು ವರ್ಷವಾಗಿತ್ತು. ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ, ರಕ್ತದ ಕೊಬ್ಬು, ಒಳ್ಳೆಯ ಕೊಲೆಸ್ಟರಾಲ್ ಎಂಬ ಐದರಲ್ಲಿ ಮೂರು ಕೆಟ್ಟರೆ ಅದು ಚಯಾಪಚಯ ಕೂಟರೋಗ. ರಾಜ್ಯದ ವಯಸ್ಕರಲ್ಲಿ ಹತ್ತಕ್ಕೆ ನಾಲ್ವರಿಗೆ ಅದಿದೆ, ಅರ್ಧ ಜನ ಮಾತ್ರೆಯನ್ನೇ ಸರಿಯಾಗಿ ನುಂಗುವುದಿಲ್ಲ ಎಂದು ಒಂದು ಸಮೀಕ್ಷೆ ಹೇಳಿತು. ಮಂಡಳಿ ಈ ಎರಡನೆಯ ಮಾತನ್ನು ಹಿಡಿದುಕೊಂಡಿತು. ಹೆಬ್ಬೆರಳ ಉಗುರಿನಷ್ಟು ದೊಡ್ಡ ಬಿಲ್ಲೆಯೊಂದನ್ನು ರೋಗಿಗಳ ಎಡತೋಳಿನ ಚರ್ಮದಡಿ ಇಟ್ಟರು. ಪ್ರತಿ ಮಾತ್ರೆಯೊಳಗೂ ಸಾಸಿವೆಗಿಂತ ಸಣ್ಣ ಚಿಪ್ ಸೇರಿಸಿದರು. ಚಿಪ್‌ಗೆ ಹೊಟ್ಟೆಯ ಆಮ್ಲ ತಾಗಿದ ಕೂಡಲೇ ಬಿಲ್ಲೆಗೆ ಸುದ್ದಿ ಹೋಗುತ್ತದೆ, ಬಿಲ್ಲೆಯಿಂದ ಮೈಸೂರಿಗೆ. ಮಾತ್ರೆ ನುಂಗಿದ್ದಕ್ಕೆ ಇನ್ನು ಬಾಯಿಮಾತಿನ ಸಾಕ್ಷಿ ಬೇಕಿಲ್ಲ. ಅದೇ ಧೈರ್ಯದಲ್ಲಿ ಮಂಡಳಿ ಥೈರಾಯ್ಡ್ ರೋಗಿಗಳ ವಾರ್ಷಿಕ ರಕ್ತಪರೀಕ್ಷೆಯನ್ನೂ ನಿಲ್ಲಿಸಿತು. ನುಂಗಿದ್ದು ಖಚಿತವಾದ ಮೇಲೆ ಪರೀಕ್ಷೆ ಏಕೆ ಎಂಬುದು ಕಡತದಲ್ಲಿರುವ ವಾಕ್ಯ.

ಇನ್ನೊಂದು ಅಂಕಿಯಿತ್ತು. ರೋಗಿ ತಿಂದೆನೆಂದು ಹೇಳಿದ ಆಹಾರ, ನಡೆದ ಹೆಜ್ಜೆ, ನುಂಗಿದ ಮಾತ್ರೆ ಇವನ್ನೆಲ್ಲ ಲೆಕ್ಕ ಹಾಕಿದರೂ ಮೈಯ ತೂಕಕ್ಕೆ ಕಾರಣ ಸಿಗದಿದ್ದರೆ, ಉಳಿದ ವ್ಯತ್ಯಾಸವನ್ನು ಯಂತ್ರ 'ಘೋಷಿಸದ ಆಹಾರ' ಎಂದು ಬರೆಯುತ್ತಿತ್ತು. ಅದನ್ನು ಯಾರೂ ಅಳೆದಿರಲಿಲ್ಲ. ಕಳೆದು ಉಳಿದ ಶೇಷಕ್ಕೆ ಹೆಸರಿಟ್ಟಿದ್ದರು, ಅಷ್ಟೆ. ಪ್ರಮೀಳಾಳ ಎದುರು ಬರೆದದ್ದು: ದಿನಕ್ಕೆ 640 ಕ್ಯಾಲೊರಿ, ಘೋಷಿಸದ ಆಹಾರ.

ಪ್ರಮೀಳಾ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು.

* * *

ನೋಟಿಸು ಮಂಗಳವಾರ ಬೆಳಿಗ್ಗೆ ಮೂರು ಕಡೆಗೆ ಹೋಯಿತು. ಅವಳ ಫೋನಿಗೆ, ಗಂಡ ನಿಂಗರಾಜುವಿನ ಫೋನಿಗೆ, ಶಾಲೆಗೆ. ಹತ್ತು ಗಂಟೆಗೆ ಶಾಲಾ ಸಮಿತಿಯ ಅಧ್ಯಕ್ಷ ಅಡುಗೆಮನೆ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, "ಪ್ರಮೀಳಕ್ಕ, ನೀನು ಶಿಬಿರ ಮುಗಿಸ್ಕೊಂಡು ಬಾ, ಆಮೇಲೆ ನೋಡವ" ಎಂದ. ಅವಳು ಸೌಟು ಕೆಳಗಿಟ್ಟಳು. ಒಲೆಯ ಮೇಲೆ ನೂರಾ ಹದಿನೆಂಟು ಮಕ್ಕಳ ಬೇಳೆ ಅರ್ಧ ಬೆಂದಿತ್ತು.

ಮನೆಗೆ ಬಂದಾಗ ನಿಂಗರಾಜು ಸೈಕಲ್ ಅಂಗಡಿ ಮುಚ್ಚಿ ಅವಳಿಗಿಂತ ಮೊದಲೇ ಬಂದಿದ್ದ. ಅಡುಗೆಮನೆಯ ಗೂಡಿನಲ್ಲಿದ್ದ ಬೆಲ್ಲದ ಡಬ್ಬ ಮರದ ಪೆಟ್ಟಿಗೆಗೆ ಹೋಗಿತ್ತು. ಪೆಟ್ಟಿಗೆಗೆ ಸೈಕಲ್ಲಿಗೆ ಹಾಕುವ ಚೈನು ಬೀಗ.

"ಏನಿದು?" ಅವಳು ಕೇಳಿದಳು.

"ನಿನ್ ಒಳ್ಳೇದುಕ್ಕೇ."

"ನಾನೇನು ಇಲೀನಾ?"

"ನಾನು ಅಂತೀನಾ? ಯಂತ್ರ ಅಂತದೆ. ಆರ್ನೂರ ನಲ್ವತ್ತಂತೆ."

"ಇಪ್ಪತ್ತಾರು ವರ್ಸದಿಂದ ನನ್ ಎದ್ರುಗೆ ಕೂತು ಉಣ್ತಾ ಇದ್ದೀಯ. ನಾನ್ ಎಷ್ಟು ತಿಂತೀನಿ ಅಂತ ಯಂತ್ರುನ್ ಕೇಳ್ತೀಯಲ್ಲ."

"ಮತ್ತೆ ಹನ್ನೊಂದು ಕೇಜಿ ಎಲ್ಲಿಂದ ಬಂತಮ್ಮಿ? ಗಾಳಿಯಿಂದ ಬಂತಾ?"

ಹತ್ತು ತಿಂಗಳಲ್ಲಿ ಹನ್ನೊಂದು ಕಿಲೊ ಏರಿದ್ದು ನಿಜ. ಬಳೆ ಏರುತ್ತಿರಲಿಲ್ಲ, ಮುಖ ಊದಿತ್ತು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಬೇಸಿಗೆಯಲ್ಲೂ ಸ್ವೆಟರ್ ಬಿಡಲಾಗುತ್ತಿರಲಿಲ್ಲ. ಶಾಲೆಯ ಒಲೆಯ ಮುಂದೆ ನಿಂತರೆ ಮಾತ್ರ ಮೈ ಬೆಚ್ಚಗಾಗುತ್ತಿತ್ತು. ದನಿ ದಪ್ಪವಾಗಿ, ಫೋನಿನಲ್ಲಿ ಅವಳ ತಂಗಿಯೇ "ಭಾವ, ಅಕ್ಕುಂಗ್ ಕೊಡಿ" ಎಂದು ಎರಡು ಸಲ ಹೇಳಿದ್ದಳು.

ಹನ್ನೆರಡು ವರ್ಷದ ಹಿಂದೆ ಅವಳ ಗಂಟಲಲ್ಲಿ ಗಡ್ಡೆ ಬೆಳೆದು, ಮಂಡ್ಯದ ವೈದ್ಯರು ಥೈರಾಯ್ಡ್ ಗ್ರಂಥಿಯನ್ನೇ ತೆಗೆದಿದ್ದರು. ಮೈಯ ಬೆಂಕಿ ಎಷ್ಟು ಉರಿಯಬೇಕೆಂದು ಹೇಳುವ ಗ್ರಂಥಿ ಅದು. ಅದಿಲ್ಲದವರಿಗೆ ದಿನಕ್ಕೊಂದು ಸಣ್ಣ ಬಿಳಿ ಮಾತ್ರೆಯೇ ಗ್ರಂಥಿ. ಮಾತ್ರೆ ಮೈಗೆ ಸೇರದಿದ್ದರೆ ಎಲ್ಲವೂ ನಿಧಾನವಾಗುತ್ತದೆ. ಎದೆಬಡಿತ ಇಳಿಯುತ್ತದೆ, ಶಾಖ ಇಳಿಯುತ್ತದೆ. ಏರುವುದು ತೂಕ, ಕೊಬ್ಬು, ರಕ್ತದೊತ್ತಡ, ಸಕ್ಕರೆ. ಮಂಡಳಿ ಅಳೆಯುತ್ತಿದ್ದ ಐದರಲ್ಲಿ ಅವಳಿಗೆ ಈಗ ನಾಲ್ಕು ಕೆಟ್ಟಿದ್ದವು. ಉಳಿದವು ಮಾತ್ರೆಗಳಿಂದ ಹತೋಟಿಗೆ ಬಂದು, ಹತ್ತು ತಿಂಗಳ ಹಿಂದೆ ಕೆಟ್ಟಿದ್ದದ್ದು ಒಂದೇ.

"ಮಾತ್ರೆ ನುಂಗಿದೀನಿ" ಅವಳು ಹೇಳಿದಳು. "ದಿನಾ, ಡೇರಿ ತಾವ, ಮಾತ್ರೆ ಕೊಡೋ ಗಿರಿಜಮ್ಮನ ಕಣ್ಣೆದ್ರುಗೆ."

"ಅದುನ್ನೇ ಅವ್ರೂ ಯೋಳ್ತಿರದು" ಎಂದ ನಿಂಗರಾಜು. "ನುಂಗವ್ಳೆ, ಆದ್ರೂ ದಪ್ಪ ಆಗವ್ಳೆ. ಅಂದ್ರೇನರ್ಥ?"

* * *

ಕೆಂಪಾದವರಿಗೆ ಹತ್ತು ನಿಮಿಷ ಫೋನಿನಲ್ಲಿ ಹೇಳಿಕೊಳ್ಳುವ ಹಕ್ಕಿತ್ತು. ಒಪ್ಪಿಗೆ ಒತ್ತಿದವರೇ ಕರೆ ತೆಗೆದುಕೊಳ್ಳಬೇಕೆಂಬುದು ನಿಯಮ. ಹೆಚ್ಚಿನವರು ಅಳುತ್ತಿದ್ದರು, ಕೆಲವರು ಬೈಯುತ್ತಿದ್ದರು. ಬುಧವಾರ ಮಧ್ಯಾಹ್ನ ಮೂರಕ್ಕೆ ಬಂದ ದಪ್ಪ ದನಿ ಇವೆರಡನ್ನೂ ಮಾಡಲಿಲ್ಲ.

"ನೀವೇನಾ ಗುಂಡಿ ಒತ್ತಿದ್ದು?"

"ಹೌದು ಮೇಡಂ" ಎಂದಳು ಚಿನ್ಮಯಿ.

"ಸರಿ. ಆರ್ನೂರ ನಲ್ವತ್ತು ಅಂದ್ರೆ ಎಷ್ಟು? ನಂಗೆ ನಿಮ್ ಲೆಕ್ಕ ಗೊತ್ತಾಗಲ್ಲ. ಸೌಟಿನ ಲೆಕ್ಕದಲ್ಲಿ ಯೋಳಿ."

ಚಿನ್ಮಯಿ ಇನ್ನೊಂದು ಪರದೆಯಲ್ಲಿ ಹುಡುಕಿದಳು. "ಒಂದು... ಶಾಲೇಲಿ ಒಂದು ಮಗುವಿಗೆ ಕೊಡೋ ಬಿಸಿಯೂಟ. ಅನ್ನ, ಸಾಂಬಾರು, ಮೊಟ್ಟೆ. ಹೆಚ್ಚುಕಡಿಮೆ ಅಷ್ಟೇ."



"ನೂರಾ ಹದ್ನೆಂಟು ಮಕ್ಳು" ಎಂದಿತು ದನಿ. "ನಾನು ದಿನಾ ಒಂದು ಮಗೀನ ಊಟ ತಿಂದಿದ್ರೆ, ಹತ್ತು ತಿಂಗ್ಳಿಂದ ದಿನಾ ಒಂದು ಮಗ ಹಸ್ಕೊಂಡು ಮನೇಗ್ ಹೋಗಿರ್ಬೇಕು. ಯಾವ ಮಗ? ಹೆಸ್ರು ಯೋಳಿ. ನಿಮ್ ತಾವ ಎಲ್ಲಾ ಹೆಸ್ರೂ ಅದೆ ಅಲ್ವಾ? ನಾನೇ ಹೋಗಿ ಅವರವ್ವನ ಕಾಲಿಗ್ ಬೀಳ್ತೀನಿ."

"ಮೇಡಂ, ಯಂತ್ರದಲ್ಲಿ ಮಾತ್ರೆ ಎಲ್ಲಾ ಸರಿಯಾಗಿ ನುಂಗಿದೀರ ಅಂತ ಇದೆ. ಹಾಗಾಗಿ..."

"ನುಂಗಿದ್ದು ಬೇರೆ, ದಕ್ಕಿದ್ದು ಬೇರೆ. ಮಗಾ ಹಾಲು ಕುಡೀತು ಅಂತ ಬರ್ಕೊಂಡ್ಬುಟ್ರೆ ಆಯ್ತಾ? ಕಕ್ಕುಬುಡ್ತಾ ಅಂತಾನೂ ನೋಡ್ಬೇಕಲ್ವಾ?"

"ವಾಂತಿ ಆಗ್ತಿದೆಯಾ?"

"ಇಲ್ಲ. ಆದ್ರೆ ಮುಂಚೆ ಸರಿಯಾಗಿದ್ದೆ ಕಣವ್ವ. ಮಂಡ್ಯ ಡಾಕ್ಟ್ರು ಯೋಳಿದ್ರು: ಎದ್ದೇಟ್ಗೆ ನೀರಲ್ಲಿ ನುಂಗು, ಒಂದು ಗಂಟೆ ಏನೂ ಬಾಯಿಗ್ ಹಾಕ್ಬೇಡ, ಹಾಲಂತೂ ಬ್ಯಾಡ್ವೇ ಬ್ಯಾಡ. ಒಂಬತ್ತು ವರ್ಸ ಹಂಗೇ ಮಾಡ್ದೆ. ಆಮೇಲೆ ನೀವು ಮನೇಲಿ ಮಾತ್ರೆ ಇಟ್ಕೋಬಾರ್ದು, ಡೇರಿ ತಾವ ಬನ್ನಿ ಅಂದ್ರಿ. ಬಂದೆ. ಹೋದ್ವರ್ಸದಿಂದ ಮೊದ್ಲು ಮಾಲ್ಟ್ ಕುಡೀರಿ, ಆಮೇಲೆ ಮಾತ್ರೆ ಅಂದ್ರಿ. ಕುಡ್ದೆ. ಗಿರಿಜಮ್ಮಂಗೆ ಯೋಳಿದ್ರೆ, 'ಬರೀ ಹೊಟ್ಟೇಲಿ ಆರು ಮಾತ್ರೆ ಕೊಟ್ಟು ನಿನ್ನ ಸಾಯ್ಸನಾ? ಆರ್ಡ್ರು ಬಂದದೆ, ಕುಡಿ ಸುಮ್ನೆ' ಅಂತಾಳೆ. ಒಳ್ಳೆ ಹೆಂಗ್ಸು. ನಂಗೊಂದ್ ಲೋಟ ಜಾಸ್ತೀನೇ ಬುಡ್ತಾಳೆ."

"ಮಾಲ್ಟ್‌ನಿಂದ ಏನಾಗುತ್ತೆ?"

"ನಂಗೇನ್ ಗೊತ್ತು? ನಾನು ಅಡ್ಗೆಯೋಳು. ಆದ್ರೆ ಒಂದ್ ಯೋಳ್ತೀನಿ. ಬೇಳೆ ಬೇಯಕ್ ಮುಂಚೇನೇ ಹುಣ್ಸೆರಸ ಬುಟ್ರೆ, ಎಷ್ಟು ಸೌದೆ ಉರಿಸುದ್ರೂ ಬೇಳೆ ಬೇಯಲ್ಲ. ಬೇಳೆ ಸರಿಯಾಗೇ ಅದೆ, ಹುಣ್ಸೆಹಣ್ಣೂ ಸರಿಯಾಗೇ ಅದೆ. ಯಾವ್ದುನ್ನ ಯಾವಾಗ ಹಾಕುದ್ರಿ ಅನ್ನದು ತಪ್ಪು. ನೀವು ಬೇಳೇನ ಸಿಬಿರುಕ್ಕೆ ಕಳಿಸ್ತಿದೀರ."

ಹತ್ತು ನಿಮಿಷ ಮುಗಿದು ಕರೆ ತಾನಾಗಿಯೇ ಕಡಿಯಿತು.

ಚಿನ್ಮಯಿ ಕುರ್ಚಿಯಿಂದ ಏಳಲಿಲ್ಲ. ಮೈಸೂರು ವಿಭಾಗದಲ್ಲಿ ಕೆಂಪು ಹೆಸರುಗಳು ಹೆಚ್ಚತೊಡಗಿದ್ದ ಕಳೆದ ಆಗಸ್ಟ್‌ನಿಂದ ಕೆಂಪಾದವರ ಪಟ್ಟಿ ತೆರೆದಳು. ಒಟ್ಟು 5,140 ಮಂದಿ. ಅದನ್ನು ಯಾವ ಮಾತ್ರೆ ನುಂಗುತ್ತಾರೆ ಎಂಬುದರ ಮೇಲೆ ವಿಂಗಡಿಸಿದಳು. ಮಂಡಳಿಯ ರೋಗಿಗಳಲ್ಲಿ ಥೈರಾಯ್ಡ್ ಮಾತ್ರೆಯವರು ಒಂಬತ್ತಕ್ಕೊಬ್ಬರು. ಕೆಂಪಾದವರಲ್ಲಿ ಅವರು 3,902, ಅಂದರೆ ನಾಲ್ಕಕ್ಕೆ ಮೂವರು. ಈ ವಿಂಗಡಣೆಗೆ ಹಿಡಿದ ಸಮಯ ಹನ್ನೊಂದು ಸೆಕೆಂಡು. ಐದು ತಿಂಗಳಲ್ಲಿ ಅದನ್ನು ಮಾಡು ಎಂದು ಯಾರೂ ಕೇಳಿರಲಿಲ್ಲ, ಅವಳೂ ಮಾಡಿರಲಿಲ್ಲ.

ನಂತರ ಮಾಲ್ಟ್ ಎಂಬ ಪದ ಹಾಕಿ ಸುತ್ತೋಲೆಗಳನ್ನು ಹುಡುಕಿದಳು. ಒಂದೇ ಸಿಕ್ಕಿತು. ಸಂಖ್ಯೆ 41, ದಿನಾಂಕ 2043ರ ಮಾರ್ಚ್ 2. 'ಬೆಳಗಿನ ಸರದಿಯಲ್ಲಿ ಹಿರಿಯರು ತಲೆಸುತ್ತಿ ಬೀಳುವುದನ್ನು ತಡೆಯಲು, ಎಲ್ಲ ಫಲಾನುಭವಿಗಳಿಗೂ ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶ ಬೆರೆಸಿದ ಒಂದು ಲೋಟ ರಾಗಿ-ಹಾಲು ಮಾಲ್ಟ್ ಕೊಟ್ಟ ನಂತರವೇ ಮಾತ್ರೆಗಳನ್ನು ನುಂಗಿಸತಕ್ಕದ್ದು.' ಮಾತ್ರೆ ನುಂಗಿಸುವ ಕೇಂದ್ರಗಳೆಲ್ಲ ಹಾಲಿನ ಡೇರಿಗಳ ಪಕ್ಕದಲ್ಲೇ ಇದ್ದವು. ಬೆಳಿಗ್ಗೆ ಆರಕ್ಕೆ ಊರು ಹೇಗೂ ಅಲ್ಲಿ ಸೇರುತ್ತದೆ. ಹಾಲು ಕೈಯಳತೆಯಲ್ಲಿತ್ತು.

ಕೆಳಗೆ ಕರಡು ಬರೆದವರ ಹೆಸರು: ಚಿನ್ಮಯಿ ಎಚ್. ಎಸ್.

ಅವಳಿಗೆ ಆ ದಿನ ನೆನಪಾಯಿತು. ಮುದುಕರೊಬ್ಬರು ಸರದಿಯಲ್ಲಿ ಬಿದ್ದು ತಲೆ ಒಡೆದುಕೊಂಡಿದ್ದರು. ಅರ್ಧ ಗಂಟೆಯಲ್ಲಿ ಒಂದು ಸುತ್ತೋಲೆ ಬೇಕು ಎಂದಿದ್ದರು. ಅವಳು ಇಪ್ಪತ್ತು ನಿಮಿಷದಲ್ಲಿ ಬರೆದುಕೊಟ್ಟಿದ್ದಳು. ಬರೀ ಹೊಟ್ಟೆಯಲ್ಲಿ ಮಾತ್ರೆ ತಗೋಬೇಡ ಎಂದು ಅವಳ ಅಮ್ಮ ಚಿಕ್ಕಂದಿನಿಂದ ಹೇಳುತ್ತಿದ್ದರು. ಎಲ್ಲರ ಅಮ್ಮಂದಿರೂ ಹೇಳುತ್ತಾರೆ. ಅದರಲ್ಲಿ ಕೇಳುವುದೇನಿದೆ ಎಂದು ಯಾರನ್ನೂ ಕೇಳಿರಲಿಲ್ಲ.

ಔಷಧಶಾಸ್ತ್ರದ ಪಠ್ಯ ತೆರೆದಳು. ಕ್ಯಾಲ್ಸಿಯಂ ಮತ್ತು ಕಬ್ಬಿಣ ಥೈರಾಯ್ಡ್ ಮಾತ್ರೆಯನ್ನು ಕರುಳಿನಲ್ಲಿ ಹಿಡಿದುಕೊಂಡು ರಕ್ತಕ್ಕೆ ಹೋಗದಂತೆ ತಡೆಯುತ್ತವೆ, ನಡುವೆ ನಾಲ್ಕು ಗಂಟೆ ಅಂತರ ಬೇಕು ಎಂದಿತ್ತು. ಎರಡನೇ ವರ್ಷದ ವಿದ್ಯಾರ್ಥಿಗಳ ಪಠ್ಯ.

* * *

"ಇದು ನನಗೆ ಗೊತ್ತಿಲ್ಲದ್ದೇನಲ್ಲ" ಎಂದರು ಡಾ. ಉದಯಶಂಕರ್. ಅವರು ವಿಭಾಗದ ನಿರ್ದೇಶಕರು, ಹೃದಯತಜ್ಞರು. ಗುರುವಾರ ಬೆಳಿಗ್ಗೆ ಅವಳು ಅವರ ಮುಂದೆ ನಿಂತಿದ್ದಳು. "ಯಾವ ಡಾಕ್ಟರಿಗೂ ಗೊತ್ತಿರುತ್ತೆ."

"ಸರ್, ಸುತ್ತೋಲೆಗೆ ಸಹಿ ಹಾಕಿದ್ದು ನೀವು."

"ಮಾಲ್ಟ್ ಅಂತ ಇತ್ತು. ಆಹಾರ ವಿಭಾಗದ್ದು ಅಂದ್ಕೊಂಡೆ." ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಮ್ಮ, ನಾನು ಇಲ್ಲ ಅಂತಿಲ್ಲ. ತಜ್ಞರ ಸಮಿತಿ ಮುಂದೆ ಇಡೋಣ. ಇಪ್ಪತ್ತೇಳಕ್ಕೆ ಸಭೆ ಇದೆ."

"ಇವತ್ತು ಹದಿನಾಲ್ಕು. ಶಿಬಿರಗಳಲ್ಲಿ ಈಗ 591 ಜನ ಥೈರಾಯ್ಡ್‌ನವರಿದ್ದಾರೆ. ಶನಿವಾರ ಇನ್ನೂ ಇಪ್ಪತ್ತು ಜನ ಹೋಗ್ತಾರೆ. ಮೈಯಲ್ಲಿ ಹಾರ್ಮೋನೇ ಇಲ್ಲದವರನ್ನ ಚಳೀಲಿ ಅರೆಹೊಟ್ಟೇಲಿ ನಡೆಸಿದ್ರೆ ಏನಾಗುತ್ತೆ ಸರ್?"

ಅವರು ಕನ್ನಡಕ ಹಾಕಿಕೊಂಡು ಮೇಜಿನ ಮೇಲಿನ ಕ್ಯಾಲೆಂಡರ್ ನೋಡಿದರು. ಉತ್ತರ ಅವರಿಗೆ ಗೊತ್ತಿತ್ತು.

"ಕೆಂಪು ತೆಗೀಬೇಕು ಅಂದ್ರೆ ಏನಂತ ಬರೀಲಿ?" ಎಂದರು ಕೊನೆಗೆ. "ಮಾತ್ರೆ ನುಂಗಿಲ್ಲ ಅಂತ ಬರೆಯೋಕಾಗಲ್ಲ, ನುಂಗಿದ್ದಕ್ಕೆ ಸಾಕ್ಷಿಯಿದೆ. ರಕ್ತಕ್ಕೆ ಸೇರಿಲ್ಲ ಅಂತ ಬರೆಯೋಕೆ ಪರೀಕ್ಷೆ ಇಲ್ಲ, ನಿಲ್ಸಿದೀವಿ. ಆ ಅಂಕಣವೇ ನಮ್ಮ ತಂತ್ರಾಂಶದಲ್ಲಿ ಇಲ್ಲ."

"ಅಂಕಣ ಇಲ್ಲ ಅಂತ ಜನ ಸಾಯಬೇಕಾ?"

"ಜೋರಾಗಿ ಮಾತಾಡ್ಬೇಡ. ನಾಳೆ ಸಂಕ್ರಾಂತಿ, ರಜ. ಸೋಮವಾರ ಕಡತ ತಗೊಂಡು ಬಾ."

* * *

ಶುಕ್ರವಾರ ಬೆಳಿಗ್ಗೆ ಡೇರಿಯ ಬಳಿ ಗಿರಿಜಮ್ಮ ಪ್ರಮೀಳಾಳಿಗೆ ಮಾಲ್ಟ್ ಕೊಟ್ಟಳು, ಆಮೇಲೆ ಮಾತ್ರೆ. ಹಬ್ಬವೆಂದು ಮಾಲ್ಟ್‌ಗೆ ಏಲಕ್ಕಿ ಹಾಕಿದ್ದಳು.

ಸಂಜೆ ಪಕ್ಕದ ಮನೆಯ ಹೆಣ್ಣುಮಕ್ಕಳು ತಟ್ಟೆ ಹಿಡಿದು ಎಳ್ಳು ಬೀರಲು ಬಂದರು. ಪ್ರಮೀಳಾಳ ಶಾಲೆಯ ಮಕ್ಕಳೇ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅತ್ತೆ" ಎಂದು ಒಬ್ಬಳು ಪೊಟ್ಟಣ ನೀಡಿದಳು. ಜಗಲಿಯ ಮೇಲೆ ಕೂತಿದ್ದ ನಿಂಗರಾಜು ತಲೆಯೆತ್ತಿ ಹೆಂಡತಿಯ ಕೈ ನೋಡಿದ. ಪ್ರಮೀಳಾ ಅದನ್ನು ಕಂಡಳು. ಪೊಟ್ಟಣ ಬಿಚ್ಚದೆ ಅವನ ತೊಡೆಯ ಮೇಲೆ ಹಾಕಿದಳು.

"ತಕೊ. ಎಣಿಸ್ಕೊ. ಎಷ್ಟು ಕಾಳು ಎಳ್ಳು, ಎಷ್ಟು ಚೂರು ಬೆಲ್ಲ."

"ಹಬ್ಬದ್ ದಿನ ಒಳ್ಳೆ ಮಾತಾಡಮ್ಮಿ."

"ನಾನು ತಿಂದಿಲ್ವಲ್ಲ" ಎಂದಳು ಪ್ರಮೀಳಾ. "ತಿಂದೋರು ಆಡ್ಲಿ."

ಮಕ್ಕಳು ನಗಬೇಕೋ ಬೇಡವೋ ತಿಳಿಯದೆ ಹೊರಟವು. ಶನಿವಾರ ಬೆಳಿಗ್ಗೆ ಎಂಟಕ್ಕೆ ಮಂಡಳಿಯ ವ್ಯಾನ್ ಬಂತು. ಅವಳು ಎರಡು ಸೀರೆ, ಎರಡು ಸ್ವೆಟರ್ ಇಟ್ಟುಕೊಂಡು ಹತ್ತಿದಳು. ನಿಂಗರಾಜು ವ್ಯಾನಿನ ಕಿಟಕಿಯ ಬಳಿ ಬಂದು, "ಅರವತ್ತೇ ದಿನ" ಎಂದ. ಅವಳು ಸ್ವೆಟರಿನ ಗುಂಡಿ ಹಾಕಿಕೊಂಡಳು.

* * *

ಶಿಬಿರ ಇದ್ದದ್ದು ಬೆಟ್ಟದ ಬುಡದ ಹಳೆಯ ಹಾಸ್ಟೆಲ್ ಒಂದರಲ್ಲಿ. ಮೊದಲ ಮೂರು ದಿನ ಪ್ರಮೀಳಾ ಮಾಲ್ಟ್ ಲೋಟವನ್ನು ದೂರ ತಳ್ಳಿ, "ನೀರಲ್ಲಿ ಕೊಡಿ" ಎಂದಳು. ಮಾಲ್ಟ್ ಕುಡಿಯದವರಿಗೆ ಮಾತ್ರೆ ಕೊಡುವಂತಿರಲಿಲ್ಲ. ಮೂರೂ ದಿನ ಮಾತ್ರೆ ಸಿಗಲಿಲ್ಲ, ಅವಿಧೇಯತೆ ಎಂದು ದಾಖಲಾಯಿತು. ನಾಲ್ಕನೇ ದಿನ ತಳ್ಳಲಿಲ್ಲ. ಅಷ್ಟರಲ್ಲಿ ಅವಳಿಗೆ ಲೋಟ ಯಾವುದೆಂಬ ಗೊಡವೆ ಹೋಗಿತ್ತು. ಕೂತಲ್ಲೇ ಕಣ್ಣು ಮುಚ್ಚುತ್ತಿತ್ತು.

ಚಿನ್ಮಯಿ ಸೋಮವಾರ ಕಡತ ಕೊಟ್ಟಳು. ಮಂಗಳವಾರ ಅದು ಸಹಿಗೆ ಹೋಯಿತು. ಗುರುವಾರ ವಾಪಸು ಬಂತು, ಪುಟಸಂಖ್ಯೆ ಹಾಕಿರಲಿಲ್ಲ ಎಂಬ ಷರಾದೊಂದಿಗೆ. ಈ ನಡುವೆ ಅವಳು ದಿನವೂ ಬೆಳಿಗ್ಗೆ ಪ್ರಮೀಳಾಳ ಬಿಲ್ಲೆಯ ಅಂಕಿ ನೋಡುತ್ತಿದ್ದಳು. ಭಾನುವಾರ ಮೈಶಾಖ 35.4 ಡಿಗ್ರಿ, ನಾಡಿ ನಿಮಿಷಕ್ಕೆ 52. ಬುಧವಾರ 34.6 ಮತ್ತು 45.

ಜನವರಿ 22, ಶುಕ್ರವಾರ ಬೆಳಿಗ್ಗೆ 6 ಗಂಟೆ 10 ನಿಮಿಷಕ್ಕೆ ಅಂಕಿಗಳು 33.7 ಮತ್ತು 39. ಹೆಸರಿನ ಬಣ್ಣ ಹಸಿರಾಗಿತ್ತು. ಪಕ್ಕದಲ್ಲಿ ಯಂತ್ರದ ಟಿಪ್ಪಣಿ: 'ರಕ್ತದೊತ್ತಡ ಇಳಿಕೆ. ವಿಶ್ರಾಂತ ನಾಡಿ. ಶಿಬಿರ ಫಲ ನೀಡುತ್ತಿದೆ.'

ಅವಳು ಶಿಬಿರಕ್ಕೆ ಫೋನ್ ಮಾಡಿದಳು. ಮೇಲ್ವಿಚಾರಕ ತೆಗೆದ.

"ಪ್ರಮೀಳಾ, ಹುಣಸೆಕೊಪ್ಪಲು. ಹೇಗಿದಾರೆ?"

"ಮಲಗವ್ರೆ ಮೇಡಂ. ನಡಿಗೆಗೂ ಬಂದಿಲ್ಲ. ಬರೀ ಸೋಮಾರಿತನ."

"ಎಬ್ಬಿಸಿ."

"ಎಬ್ಬಿಸುದ್ವಿ. ಏಳಲ್ಲ ಅಂತಾರೆ."

"ಅಂತಾರಾ? ಬಾಯಿ ಬಿಟ್ಟು ಹೇಳಿದ್ರಾ?"

ಫೋನಿನಲ್ಲಿ ಹೆಜ್ಜೆ ಸಪ್ಪಳ, ಬಾಗಿಲು ತೆರೆದ ಸದ್ದು ಕೇಳಿಸಿತು. "ಇಲ್ಲ. ಏನೂ ಮಾತಾಡ್ಲಿಲ್ಲ" ಎಂದ ಅವನು. ಈಗ ದನಿ ಬದಲಾಗಿತ್ತು. "ಮೈ ತಣ್ಣಗದೆ ಮೇಡಂ. ಮುಖ ಬಾತ್ಕೊಂಡದೆ."

"ಈಗಲೇ ಆಂಬುಲೆನ್ಸ್ ಕರೆಸಿ. ಅದು ಸೋಮಾರಿತನ ಅಲ್ಲ. ಥೈರಾಯ್ಡ್ ಹಾರ್ಮೋನು ಬತ್ತಿ ಹೋಗಿ ಪ್ರಜ್ಞೆ ತಪ್ತಿದೆ. ಆಸ್ಪತ್ರೇಲಿ ಅದನ್ನೇ ಹೇಳಿ. ಬಿಸಿನೀರು ಸುರೀಬೇಡಿ, ಕಂಬಳಿ ಹೊದಿಸಿ."

"ಹಸಿರು ತೋರಿಸ್ತದೆ ಮೇಡಂ. ಹಸಿರಿರೋರ್ನ ಆಚೆ ಬಿಡಕ್ಕೆ ಆಗಲ್ಲ. ನಿಮ್ ಕಡೆಯಿಂದ ಚೀಟಿ ಬರ್ಬೇಕು."

ಚೀಟಿ ಬರುವುದಕ್ಕೆ ಒಂದೇ ದಾರಿಯಿತ್ತು. ಶಿಬಿರ ಸೇರಿದವರ ಹೆಸರಿನ ಎದುರೂ ಉಳಿದಿರುವ 'ಸಾಧನ ದೋಷ' ಗುಂಡಿ ಒತ್ತಿದರೆ, ಬಿಲ್ಲೆ ಬದಲಿಸಲು ಆ ವ್ಯಕ್ತಿಯನ್ನು ತಕ್ಷಣ ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕೆಂಬ ನಿಯಮವಿತ್ತು. ನಿರ್ದೇಶಕರ ಸಹಿ ಬೇಕಿರಲಿಲ್ಲ. ಚಿನ್ಮಯಿ ಒತ್ತಿದಳು. ಕಾರಣದ ಜಾಗದಲ್ಲಿ ಬರೆದಳು: 'ಮಾತ್ರೆ ನುಂಗಿದ್ದಾರೆ, ರಕ್ತಕ್ಕೆ ಸೇರಿಲ್ಲ. ಕಾರಣ ಮಂಡಳಿಯ ಮಾಲ್ಟ್, ಸುತ್ತೋಲೆ 41. ಸುತ್ತೋಲೆ ಬರೆದವಳು ನಾನು.'

6 ಗಂಟೆ 21 ನಿಮಿಷಕ್ಕೆ ಚೀಟಿ ಹೋಯಿತು. 6 ಗಂಟೆ 48ಕ್ಕೆ ಆಂಬುಲೆನ್ಸ್ ಹೊರಟಿತು.

ಆಮೇಲೆ ಅವಳು ಶಿಬಿರಗಳಲ್ಲಿದ್ದ ಉಳಿದ ಥೈರಾಯ್ಡ್ ರೋಗಿಗಳ ಪಟ್ಟಿ ತೆರೆದು, ಮೊದಲ ಹೆಸರಿನ ಎದುರು ಅದೇ ಗುಂಡಿ ಒತ್ತಿದಳು. ಅದೇ ಕಾರಣ ಬರೆದಳು. ಎರಡನೆಯ ಹೆಸರು. ಮೂರನೆಯದು. ಒಂದೊಂದಕ್ಕೆ ಹದಿನೈದು ಸೆಕೆಂಡು ಹಿಡಿಯುತ್ತಿತ್ತು. ಒಟ್ಟಿಗೆ ಒತ್ತುವ ವ್ಯವಸ್ಥೆ ಒಪ್ಪಿಗೆಗೆ ಮಾತ್ರ ಇತ್ತು. ಇಪ್ಪತ್ತೇಳನೆಯ ಹೆಸರಿನ ಎದುರು ಬಿಲ್ಲೆಯ ಅಂಕಿ ಇರಲಿಲ್ಲ. ವಿವರ ತೆರೆದರೆ, ಹಲಗೂರಿನ ಐವತ್ತಾರು ವರ್ಷದ ಹೆಂಗಸು, ಹಿಂದಿನ ಮಂಗಳವಾರ ಶಿಬಿರದಲ್ಲೇ ನಿಧನ, ಕಾರಣ ಹೃದಯಾಘಾತ ಎಂದಿತ್ತು. ಇನ್ನೂ ಪಟ್ಟಿಯಿಂದ ತೆಗೆದಿರಲಿಲ್ಲ. ಹೆಸರು ಹಸಿರಾಗಿಯೇ ಇತ್ತು. ಚಿನ್ಮಯಿ ಅಲ್ಲೂ ಗುಂಡಿ ಒತ್ತಿ, ಅದೇ ಕಾರಣ ಬರೆದಳು.

9 ಗಂಟೆ 16ಕ್ಕೆ ಡಾ. ಉದಯಶಂಕರ್ ಬಾಗಿಲಲ್ಲಿ ನಿಂತಿದ್ದರು. "ಏನ್ ಮಾಡಿದೀಯ ಗೊತ್ತಾ ನಿಂಗೆ?"

"ಇನ್ನು ಹದಿನೆಂಟು ಹೆಸರಿದೆ ಸರ್" ಎಂದಳು ಚಿನ್ಮಯಿ, ಪರದೆಯಿಂದ ಕಣ್ಣು ತೆಗೆಯದೆ. "ಮುಗಿಸಿ ಎದ್ದೇಳ್ತೀನಿ."

ಅವರು ಅವಳನ್ನು ತಡೆಯಬಹುದಿತ್ತು. ತಡೆಯಲಿಲ್ಲ. ಸಹಾಯವನ್ನೂ ಮಾಡಲಿಲ್ಲ. ನಿಂತು ನೋಡಿದರು.

* * *

ಪ್ರಮೀಳಾ ಹನ್ನೊಂದು ದಿನ ಜಿಲ್ಲಾ ಆಸ್ಪತ್ರೆಯಲ್ಲಿದ್ದಳು. ಮೊದಲ ಮೂರು ದಿನ ಹಾರ್ಮೋನನ್ನು ನರಕ್ಕೇ ಕೊಟ್ಟರು. ನಾಲ್ಕನೇ ದಿನ ಕಣ್ಣು ಬಿಟ್ಟು, ಪಕ್ಕದಲ್ಲಿ ಕೂತಿದ್ದ ನಿಂಗರಾಜುವನ್ನು ನೋಡಿ, ಮತ್ತೆ ಮುಚ್ಚಿಕೊಂಡಳು. ವೈದ್ಯೆ ಅವನನ್ನು ಹೊರಗೆ ಕರೆದು ಎಲ್ಲ ವಿವರಿಸಿದರು. ಅವನು ಒಂದೇ ಪ್ರಶ್ನೆ ಕೇಳಿದ: "ಹಂಗಾರೆ ಅವ್ಳು ತಿಂದಿರ್ಲಿಲ್ವಾ?"

"ತಿಂದಿರ್ಲಿಲ್ಲ" ಎಂದರು ವೈದ್ಯೆ.

ಮನೆಗೆ ಬಂದ ದಿನ ಅವನು ಮರದ ಪೆಟ್ಟಿಗೆಯ ಚೈನು ಬಿಚ್ಚಿ, ಬೆಲ್ಲದ ಡಬ್ಬವನ್ನು ಗೂಡಿನಲ್ಲಿಟ್ಟು, ಬೀಗವನ್ನು ಅಂಗಡಿಗೆ ಒಯ್ಯಲು ಜೇಬಿಗೆ ಹಾಕಿಕೊಂಡ.

"ಇಲ್ ಕೊಡು" ಎಂದಳು ಪ್ರಮೀಳಾ. ದನಿ ಇನ್ನೂ ದಪ್ಪವಾಗಿತ್ತು. ಅವಳು ಬೀಗವನ್ನು ಇಸಿದುಕೊಂಡು ಡಬ್ಬದ ಪಕ್ಕದ ಮೊಳೆಗೆ ನೇತುಹಾಕಿದಳು. "ಇಲ್ಲೇ ಇರ್ಲಿ. ಬೆಲ್ಲ ತಕಳಕ್ಕೆ ಬಂದಾಗ್ಲೆಲ್ಲ ನೀನು ನೋಡ್ಬೇಕು."

"ತಪ್ಪಾಯ್ತು ಕನಮ್ಮಿ."

"ನೀನು ಒಂದ್ ಡಬ್ಬುಕ್ಕೆ ಬೀಗ ಹಾಕ್ದೆ. ಅವ್ರು ಊರಿಗೇ ಹಾಕುದ್ರು. ನಿಂದು ನಾನು ಮರೀಬೋದೇನೋ. ಅವ್ರದ್ದು ಮರೆಯಲ್ಲ."

ಡೇರಿಯ ಬಳಿ ಗಿರಿಜಮ್ಮ ಅತ್ತಳು. ತನ್ನ ಕೈಯಾರೆ ಕೊಟ್ಟೆನಲ್ಲ ಎಂದಳು. ಪ್ರಮೀಳಾ ಅವಳ ಭುಜ ಹಿಡಿದು, "ನಿಂದೇನ್ ತಪ್ಪಮ್ಮ, ಏಲಕ್ಕಿ ಹಾಕಿದ್ದೆ" ಎಂದಳು. ಸರದಿಯಲ್ಲಿದ್ದ ಯಾರೋ ನಕ್ಕರು. ಗಿರಿಜಮ್ಮನೂ ಅಳುತ್ತಲೇ ನಕ್ಕಳು.

ಸುತ್ತೋಲೆ 41ನ್ನು ಫೆಬ್ರುವರಿ 8ರಂದು ಹಿಂತೆಗೆದುಕೊಳ್ಳಲಾಯಿತು. ಹೊಸ ಸುತ್ತೋಲೆಯಲ್ಲಿ ಕಾರಣ ಬರೆದಿರಲಿಲ್ಲ. ಥೈರಾಯ್ಡ್ ಮಾತ್ರೆಯನ್ನು ಮನೆಯಲ್ಲಿಟ್ಟುಕೊಂಡು ನೀರಿನಲ್ಲಿ ನುಂಗಬಹುದು ಎಂದಷ್ಟೇ ಇತ್ತು. ಆಗಸ್ಟ್‌ನಿಂದ ಜನವರಿವರೆಗೆ ಶಿಬಿರಗಳಲ್ಲಿ ಸತ್ತ ಥೈರಾಯ್ಡ್ ರೋಗಿಗಳು ಒಂಬತ್ತು ಮಂದಿ. ಒಂಬತ್ತಕ್ಕೂ ಹೃದಯಾಘಾತ ಎಂದೇ ದಾಖಲೆಯಿದೆ. ಚಿನ್ಮಯಿಯನ್ನು ಅಮಾನತಿನಲ್ಲಿಟ್ಟರು. ಕೆಟ್ಟಿಲ್ಲದ 611 ಬಿಲ್ಲೆಗಳು ಕೆಟ್ಟಿವೆ ಎಂದು ಸುಳ್ಳು ವರದಿ ಕೊಟ್ಟದ್ದು ಅವಳ ಮೇಲಿನ ಆರೋಪ. ಅವಳು ವಿಚಾರಣೆಗೆ ಸುತ್ತೋಲೆಯ ಪ್ರತಿಯನ್ನೂ ಒಂಬತ್ತು ಹೆಸರುಗಳನ್ನೂ ತೆಗೆದುಕೊಂಡು ಹೋದಳು. ವಿಚಾರಣೆ ಮೂರು ಸಲ ಮುಂದೆ ಹೋಗಿದೆ.

ಪ್ರಮೀಳಾ ಈಗ ಬೆಳಿಗ್ಗೆ ಐದಕ್ಕೆ ಎದ್ದು ಮಾತ್ರೆಯನ್ನು ನೀರಿನಲ್ಲಿ ನುಂಗುತ್ತಾಳೆ. ಮಾರ್ಚ್ ಕೊನೆಗೆ ಅವಳ ತೂಕ ಆರು ಕಿಲೊ ಇಳಿದಿತ್ತು, ರಕ್ತದ ಕೊಬ್ಬು ಹತೋಟಿಗೆ ಬಂದಿತ್ತು. ಏಪ್ರಿಲ್‌ನಲ್ಲಿ ಮಂಡಳಿಯ ವಾರ್ಷಿಕ ವರದಿ ಹೊರಬಂತು. ಅದರ ಮೂರನೇ ಅನುಬಂಧ, ವಸತಿ ಶಿಸ್ತು ಶಿಬಿರದಿಂದ ಸುಧಾರಿಸಿದವರ ಪಟ್ಟಿ. ಕ್ರಮಸಂಖ್ಯೆ 1,108ರಲ್ಲಿ ಅವಳ ಹೆಸರಿದೆ.